ಬೀದರಿನ ಗುರುದ್ವಾರಕ್ಕೆ ಮನೆಮಂದಿಯೆಲ್ಲ ಹೋಗಬಹುದಾ? ನಮ್ಮನ್ನು ಒಳಗೆ ಬಿಡ್ತಾರಾ?

ಧಾರಾಳವಾಗಿ ಹೋಗಿ. ವಯಸ್ಸಾದ ತಾಯಿ, ಇಬ್ಬರು ಮಕ್ಕಳ ಜೊತೆ ಸಿಖ್ಖರ ಗುರುದ್ವಾರ ನಾನಕ್ ಝೀರಾ ಸಾಹಿಬ್ ನೋಡಬೇಕು, ಸಿಖ್ಖರಲ್ಲದವರನ್ನು ಬಿಡುತ್ತಾರಾ, ಊಟಕ್ಕೆ ದುಡ್ಡು ಕೊಡಬೇಕಾ ಅಂತ ಕೇಳಿದ್ದೀರಿ. ಬಿಡುತ್ತಾರೆ. ಯಾವ ಜಾತಿ, ಯಾವ ಧರ್ಮ ಅಂತ ಯಾರೂ ಕೇಳುವುದಿಲ್ಲ. ಊಟಕ್ಕೆ ದುಡ್ಡಿಲ್ಲ.

ಎರಡು ವರ್ಷದ ಹಿಂದೆ ನಾವು ಹುಬ್ಬಳ್ಳಿಯಿಂದ ಆರು ಜನ ಹೋಗಿದ್ದೆವು. ಅತ್ತೆಗೆ ಆಗ 74. ಹೊರಗಡೆ ಒಂದು ಕಪ್ ಚಹಾ ಕುಡಿಯಬೇಕಾದರೂ ಹತ್ತು ಪ್ರಶ್ನೆ ಕೇಳುವವರು. ಹಾಗಾಗಿ ನಿಮ್ಮ ಆತಂಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ಬಾಗಿಲ ಹತ್ತಿರದ ವಿಷಯ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ತಲೆ ಮುಚ್ಚಿಕೊಂಡು ಒಳಗೆ ಹೋಗಬೇಕು. ಗಂಡಸರು, ಮಕ್ಕಳು ಕೂಡ. ಕ್ರಿಕೆಟ್ ಟೋಪಿ ನಡೆಯುತ್ತದೆ ಅಂದುಕೊಂಡಿದ್ದ ನನ್ನ ಮಗನಿಗೆ ಅದನ್ನು ತೆಗೆಸಿ ಬಟ್ಟೆ ಕಟ್ಟಿಸಿದರು. ಮನೆಯಿಂದಲೇ ದೊಡ್ಡ ಕರ್ಚೀಫು ತನ್ನಿ, ಚಿಕ್ಕದು ಜಾರುತ್ತಲೇ ಇರುತ್ತದೆ. ಇನ್ನೊಂದು ಮುಖ್ಯ ಮಾತು: ತಂಬಾಕು, ಬೀಡಿ, ಸಿಗರೇಟು ಜೇಬಿನಲ್ಲೂ ಇರಬಾರದು. ನಮ್ಮ ಚಿಕ್ಕಮಾವನವರ ಎಲೆ ಅಡಿಕೆ ಸಂಚಿಯಲ್ಲಿ ತಂಬಾಕು ಇತ್ತು. ಮುಖ ಸಪ್ಪೆ ಮಾಡಿಕೊಂಡು ಕಾರಿನಲ್ಲಿ ಇಟ್ಟು ಬಂದರು.

ಒಳಗೆ ಮೂರ್ತಿ ಇರುವುದಿಲ್ಲ. ಅತ್ತೆ ಸುತ್ತ ನೋಡಿ, "ದೇವರು ಎಲ್ಲವ್ವಾ?" ಅಂದರು. ಗುರು ಗ್ರಂಥ ಸಾಹಿಬ್ ಎಂಬ ಗ್ರಂಥವನ್ನೇ ಗುರು ಅಂತ ನಂಬುತ್ತಾರೆ, ಅದರಲ್ಲಿ ಕಬೀರ್, ನಾಮದೇವರ ಪದಗಳೂ ಇವೆ, ರಾತ್ರಿ ಅದನ್ನು ಬಟ್ಟೆಯಲ್ಲಿ ಸುತ್ತಿ ವಿಶ್ರಾಂತಿಗೆ ಇಡುತ್ತಾರೆ ಅಂದೆ. "ಹಂಗಾದ್ರ ನಮ್ಮ ಗುಡಿಯೊಳಗ ಮಲಗಿಸಿದಂಗ ಆತು" ಅಂದು ನಮಸ್ಕಾರ ಮಾಡಿದರು. ಅಲ್ಲಿ ಗ್ರಂಥದ ಕಡೆ ಕಾಲು ಚಾಚಿ ಕೂರಬೇಡಿ. ತಾಯಿಗೆ ಮಂಡಿನೋವಿದ್ದರೆ ಸೇವಾದಾರರಿಗೆ ಹೇಳಿ, ನಮಗೆ ಕುರ್ಚಿ ತಂದುಕೊಟ್ಟರು. ಕಡಾ ಪ್ರಸಾದವನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ಗೋಧಿ ಹಿಟ್ಟು, ಸಕ್ಕರೆ, ತುಪ್ಪ ಹಾಕಿ ಮಾಡಿದ್ದು. ತುಪ್ಪ ಅಂದರೆ ಕೈಯೆಲ್ಲ ತುಪ್ಪ!

ಝೀರಾ ಅಂದರೆ ಬುಗ್ಗೆ. ಗುರು ನಾನಕರು (1469–1539) ದಕ್ಷಿಣದ ಕಡೆ ಬಂದಾಗ ಇಲ್ಲಿ ಕುಡಿಯುವ ನೀರಿಗೆ ಜನ ಪರದಾಡುತ್ತಿದ್ದರಂತೆ. ಅವರು ಕಾಲಿನಿಂದ ಒಂದು ಕಲ್ಲು ಸರಿಸಿದರು, ಸಿಹಿನೀರು ಚಿಮ್ಮಿತು ಅಂತ ನಂಬಿಕೆ. ಆ ನೀರು ಈಗಲೂ ಬರುತ್ತದೆ, ಅಮೃತ ಕುಂಡದಲ್ಲಿ ತುಂಬುತ್ತದೆ. ಕಟ್ಟಡ ಅಷ್ಟು ಹಳೆಯದಲ್ಲ, 1948ರದ್ದು. ಇತಿಹಾಸ ಇರುವುದು ನೀರಿನಲ್ಲಿ, ಊರಿನಲ್ಲಿ. 1699ರಲ್ಲಿ ಸಿಖ್ಖರ ಹತ್ತನೇ ಗುರು ಗೋವಿಂದ ಸಿಂಗರು ಖಾಲ್ಸಾ, ಅಂದರೆ ದೀಕ್ಷೆ ಪಡೆದ ಸಿಖ್ಖರ ಬಳಗ, ಕಟ್ಟಿದಾಗ ಅವರ ಕರೆಗೆ ತಲೆ ಕೊಡಲು ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಇದೇ ಬೀದರಿನ ಕ್ಷೌರಿಕ. ನಮ್ಮ ನಾಡಿನವರು ಅಂತ ನಾವು ಹೇಳಿಕೊಳ್ಳುವುದೇ ಇಲ್ಲ, ಅಲ್ವಾ?

ಲಂಗರ್, ಅಂದರೆ ಎಲ್ಲರಿಗೂ ಬಡಿಸುವ ಆ ಪುಕ್ಕಟೆ ಊಟ, ಬಿಟ್ಟು ಬರಬೇಡಿ. ಸುಮ್ನೆ ಫೋಟೋ ತೆಗೆದು ಹೊರಟರೆ ಅರ್ಧ ನೋಡಿದ ಹಾಗೆ. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರುತ್ತಾರೆ. ರೊಟ್ಟಿಯನ್ನು ತಟ್ಟೆಗೆ ಎಸೆಯುವುದಿಲ್ಲ, ನೀವು ಕೈ ಒಡ್ಡಬೇಕು. ಮಕ್ಕಳಿಗೆ ಸ್ವಲ್ಪ ಸ್ವಲ್ಪವೇ ಹಾಕಿಸಿ, ತಟ್ಟೆಯಲ್ಲಿ ಬಿಡುವುದು ತಪ್ಪು. ಎಷ್ಟು ಸಲ ಕೇಳಿದರೂ ಬಡಿಸುತ್ತಾರೆ.

ಅತ್ತೆ ಊಟ ಮಾಡುತ್ತಾರೋ ಇಲ್ಲವೋ ಅಂತ ನನಗೆ ದಿಗಿಲು. ಪಕ್ಕದಲ್ಲಿ ಒಬ್ಬ ಲಾರಿ ಡ್ರೈವರ್, ಆ ಕಡೆ ಅಮೃತಸರದಿಂದ ಬಂದ ಮುದುಕಿ. ದಾಲ್ ಬಕೆಟ್ ಬಂತು. ಅತ್ತೆ ಒಂದು ನಿಮಿಷ ತಟ್ಟೆ ನೋಡಿದರು. ಆಮೇಲೆ "ಬಸವಣ್ಣನ ದಾಸೋಹ ಇನ್ನೇನು ಬ್ಯಾರೆ ಇತ್ತೇನು" ಅಂದು ತಿನ್ನಲು ಶುರು ಮಾಡಿದರು. ಎರಡನೇ ರೊಟ್ಟಿಗೂ ಕೈ ಒಡ್ಡಿದರು. ಊಟ ಆದ ಮೇಲೆ ಕಾಣಲೇ ಇಲ್ಲ. ಹುಡುಕಿದರೆ ಅಡುಗೆಮನೆ ಪಕ್ಕ ಬೆಳ್ಳುಳ್ಳಿ ಸುಲಿಯುವ ಹೆಂಗಸರ ನಡುವೆ ಕೂತಿದ್ದಾರೆ! ಅವರಲ್ಲೊಬ್ಬರು ಬೀದರಿನವರೇ, ಕನ್ನಡದಲ್ಲಿ ಸೊಸೆಯಂದಿರ ಬಗ್ಗೆ ಮಾತು ನಡೆದಿತ್ತು. ನಾನು ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಸಮಯ ಇದ್ದರೆ ಕೋಟೆ, ಅಷ್ಟೂರಿನ ಬಹಮನಿ ಗೋರಿಗಳನ್ನೂ ನೋಡಿ. ಹತ್ತಿರದಲ್ಲೇ ಝರಣಿ ನರಸಿಂಹನ ಗುಹೆಯೂ ಇದೆ, ಅಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕು, ನಿಮ್ಮ ತಾಯಿಗೆ ಬೇಡ.

ಒಂದು ಖಾಲಿ ಬಾಟಲಿ ಮರೆಯಬೇಡಿ. ಝೀರಾದ ನೀರನ್ನು ಎಲ್ಲರೂ ಮನೆಗೆ ಒಯ್ಯುತ್ತಾರೆ. ನಾವು ಮರೆತಿದ್ದೆವು, ಅತ್ತೆಯಿಂದ ಈಗಲೂ ಬೈಸಿಕೊಳ್ಳುತ್ತಿದ್ದೇನೆ.