ಬೊಬ್ಬೆ ಎದ್ದರೂ ಓಡುತ್ತಲೇ ಇದ್ದರೆ ಪಾದ ಗಟ್ಟಿಯಾಗುತ್ತದೆಯೇ?

ಇಲ್ಲ, ಆಗುವುದಿಲ್ಲ. ಓಡಲು ಆರಂಭಿಸಿ ತಿಂಗಳಾಗಿದೆ, ವಾರವಾರವೂ ಪಾದದಲ್ಲಿ ಬೊಬ್ಬೆ ಏಳುತ್ತಿದೆ, ಸಹಿಸಿಕೊಂಡು ಓಡಲೇ ಅಥವಾ ದುಬಾರಿ ಶೂ ಕೊಳ್ಳಲೇ ಎಂದು ನೀವು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಇದನ್ನೇ ಕಂಡಕಂಡವರಲ್ಲಿ ಕೇಳಿದ್ದೆ. "ಓಡುತ್ತಾ ಓಡುತ್ತಾ ಸರಿಹೋಗುತ್ತದೆ" ಎಂದರು. ನಾನು ನಂಬಿದೆ.

ನಾನಿರುವುದು ಮೈಸೂರಿನಲ್ಲಿ. ಓಡಲು ತೊಡಗಿದಾಗ ವಯಸ್ಸು ನಲವತ್ತು ದಾಟಿತ್ತು. ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿಯಲ್ಲಿ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಶುರುಮಾಡಿ ಮೂರು ತಿಂಗಳಿಗೆ ಐದು ಕಿಲೋಮೀಟರ್ ನಿಲ್ಲದೆ ಓಡುವಷ್ಟಾದೆ. ಆ ದಿನದ ಸಂತೋಷ ಇನ್ನೂ ನೆನಪಿದೆ. ಕಾಲೇಜು ಓದುತ್ತಿದ್ದ ಮಗಳೂ ಜೊತೆಗೆ ಬರತೊಡಗಿದಳು. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟವೊಂದಕ್ಕೆ ಇಬ್ಬರೂ ಹೆಸರು ಕೊಟ್ಟೆವು. ಕೊನೆಯ ಗೆರೆಯನ್ನು ಕೈಹಿಡಿದುಕೊಂಡೇ ದಾಟಬೇಕು ಎಂಬುದು ಅವಳ ಷರತ್ತು.

ಓಟಕ್ಕೆ ಏಳು ವಾರ ಉಳಿದಿತ್ತು. ಭಾನುವಾರ ಬೆಳಿಗ್ಗೆ ಲಲಿತಮಹಲ್ ರಸ್ತೆಯಲ್ಲಿ ಒಂಬತ್ತು ಜನರ ಗುಂಪಿನೊಂದಿಗೆ ಹೊರಟೆ. ಹಿಂದಿನ ರಾತ್ರಿ ಮಳೆ ಸುರಿದಿತ್ತು. ಮೊದಲ ಕಿಲೋಮೀಟರಿನಲ್ಲೇ ಬಲಗಾಲು ಗುಂಡಿಯ ನೀರಿಗೆ ಬಿದ್ದು ಹತ್ತಿಯ ಕಾಲ್ಚೀಲ ನೆನೆಯಿತು. ಮೂರನೆಯ ಕಿಲೋಮೀಟರಿನ ಹೊತ್ತಿಗೆ ಬಲ ಅಂಗಾಲಿನ ಒಳಬದಿಯಲ್ಲಿ, ಕಮಾನು ಆರಂಭವಾಗುವ ಕಡೆ, ಸಣ್ಣಗೆ ಉರಿ ಕಾಣಿಸಿಕೊಂಡಿತು. ನೋವಲ್ಲ, ಉರಿ. ಬಿಸಿ ಕಾಫಿಯ ಲೋಟವನ್ನು ಹಿಡಿದಾಗ ಬೆರಳಿಗೆ ತಾಗುತ್ತದಲ್ಲ, ಅಷ್ಟೇ.

ನನ್ನ ತಪ್ಪು ಇಲ್ಲಿದೆ. ನಾನು ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನೀವೂ ಇದೇ ಕಾರಣಕ್ಕೆ ನಿಲ್ಲುತ್ತಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹಿಂದಿನ ಭಾನುವಾರ ಆ ಒಂಬತ್ತು ಜನರಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವಳು ನಾನು. ಎಂಟು ಜನ ವೃತ್ತದಲ್ಲಿ ಐದು ನಿಮಿಷ ಕಾದು ನಿಂತಿದ್ದರು. ಯಾರೂ ಒಂದು ಮಾತು ಆಡಲಿಲ್ಲ, ನೀರು ಕೊಟ್ಟರು, ಬೆನ್ನು ತಟ್ಟಿದರು. ಆದರೂ ಆ ಕಾಯುವಿಕೆ ನನ್ನನ್ನು ವಾರವಿಡೀ ಚುಚ್ಚಿತ್ತು. ಈ ವಾರ ಯಾರನ್ನೂ ಕಾಯಿಸಬಾರದು ಎಂದು ಮನೆಯಿಂದಲೇ ನಿರ್ಧರಿಸಿಕೊಂಡು ಬಂದಿದ್ದೆ. ನಿಂತು, ಶೂ ಬಿಚ್ಚಿ, ಕಾಲ್ಚೀಲದ ಸುಕ್ಕು ಸರಿಮಾಡಿ, ಉರಿಯುವ ಜಾಗ ಒರೆಸಿ, ಟೇಪ್ ಅಂಟಿಸಿ, ಮತ್ತೆ ಲೇಸ್ ಕಟ್ಟಲು ಎರಡು ನಿಮಿಷ ಸಾಕಿತ್ತು. ಟೇಪಿನ ಸುರುಳಿ ಸೊಂಟದ ಚೀಲದಲ್ಲೇ ಇತ್ತು. ಆಗ ನಾನು ಓಡುತ್ತಿದ್ದದ್ದು ಕಿಲೋಮೀಟರಿಗೆ ಎಂಟು ನಿಮಿಷದ ವೇಗದಲ್ಲಿ. ಎರಡು ನಿಮಿಷ ಎಂದರೆ 250 ಮೀಟರ್. ಅಷ್ಟು ಹಿಂದೆ ಬೀಳಲು ನನಗೆ ಮನಸ್ಸಾಗಲಿಲ್ಲ.

ಐದನೆಯ ಕಿಲೋಮೀಟರಿನಲ್ಲಿ ಎಲ್ಲರೂ ನೀರು ಕುಡಿಯಲು ನಿಂತರು. ದೇವರೇ ಕೊಟ್ಟಂಥ ಅವಕಾಶ. ಆಗಲೂ ಶೂ ಬಿಚ್ಚಲಿಲ್ಲ. ಲೇಸಿನ ಗಂಟು ನೆಂದು ಬಿಗಿದುಕೊಂಡಿತ್ತು, ಎಲ್ಲರ ಮುಂದೆ ಕುಳಿತು ಅದನ್ನು ಬಿಡಿಸುವುದಕ್ಕೆ ಸಂಕೋಚವಾಯಿತು. ಆರನೆಯದರಲ್ಲಿ ಉರಿ ಇಳಿದಂತೆ ಅನ್ನಿಸಿ, "ನೋಡು, ಸರಿಹೋಯಿತು" ಎಂದುಕೊಂಡೆ. ಏಳನೆಯದರಲ್ಲಿ ಬೊಬ್ಬೆ ಒಡೆಯಿತು. ಹಸಿ ಚರ್ಮದ ಮೇಲೆ ಒದ್ದೆ ಹತ್ತಿ ಉಜ್ಜುವ ನೋವನ್ನು ವಿವರಿಸಲಾರೆ. ಉಳಿದ ಎರಡು ಕಿಲೋಮೀಟರನ್ನು ಬಲಪಾದದ ಹೊರಅಂಚಿನ ಮೇಲೆ ಭಾರ ಹಾಕಿ, ಎಡಗಾಲನ್ನು ಹೊಡೆದು ಊರುತ್ತಾ ಮುಗಿಸಿದೆ. ಯಾರೂ ಕಾಯಬೇಕಾಗಲಿಲ್ಲ.

ಬೊಬ್ಬೆ ಹತ್ತು ದಿನಕ್ಕೆ ಮಾಯಿತು. ಕುಂಟುತ್ತಾ ಓಡಿದ್ದಕ್ಕೆ ಎಡ ಮಂಡಿಯ ಹೊರಬದಿ ಹಿಡಿದುಕೊಂಡದ್ದು ಮಾತ್ರ ಬಿಡಲಿಲ್ಲ. ಮೆಟ್ಟಿಲು ಇಳಿಯುವಾಗಲೆಲ್ಲ ಚಾಕುವಿನಿಂದ ಇರಿದಂತಾಗುತ್ತಿತ್ತು. ಭೌತಚಿಕಿತ್ಸಕರು ಆರು ವಾರ ಓಟವೇ ಬೇಡ ಎಂದರು. ಬೆಂಗಳೂರಿನ ಓಟದ ದಿನ ನಾನು ಮಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಚಪ್ಪಲಿಯಲ್ಲಿ, ಬೇಲಿಯ ಆಚೆ ನಿಂತಿದ್ದೆ. ಅವಳು ಗೆರೆ ದಾಟುವಾಗ ಬಲಗೈಯನ್ನು ಪಕ್ಕಕ್ಕೆ ಚಾಚಿಕೊಂಡೇ ದಾಟಿದಳು. ಯಾರ ಕೈ ಹಿಡಿಯಲು ಎಂಬುದು ನನಗೆ ಗೊತ್ತಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಹಿಸುವುದೋ ಕೊಳ್ಳುವುದೋ ಎಂದು ಕೇಳಿದ್ದೀರಿ. ಬೊಬ್ಬೆ ಎದ್ದ ಓಟದಲ್ಲಿ ನೀವು ಎಷ್ಟು ಸಲ ನಿಂತಿರಿ ಎಂಬುದು ನನ್ನ ಪ್ರಶ್ನೆ.

ಬೊಬ್ಬೆ ಏಳುವುದು ಶೂ ಮೇಲಿನಿಂದ ಉಜ್ಜುವುದರಿಂದ ಎಂದು ನಾನೂ ಬಹಳ ದಿನ ತಿಳಿದಿದ್ದೆ. ಒಂದು ಸಣ್ಣ ಪ್ರಯೋಗ ಮಾಡಿ. ಎಡಗೈಯ ಹಿಂಬದಿಯ ಮೇಲೆ ಬಲಗೈಯ ತೋರುಬೆರಳನ್ನು ಒತ್ತಿ ಇಟ್ಟು, ಜಾರದಂತೆ ಹಿಂದೆ ಮುಂದೆ ಆಡಿಸಿ. ಬೆರಳಿನ ಜೊತೆ ಚರ್ಮ ಎಳೆದಾಡುತ್ತದೆ, ಕೆಳಗಿನ ಮೂಳೆ ಇದ್ದಲ್ಲೇ ಇರುತ್ತದೆ. ಶೂ ಒಳಗೆ ಇದು ತಿರುವುಮುರುವು: ಚರ್ಮ ಕಾಲ್ಚೀಲಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಮೂಳೆ ಹೆಜ್ಜೆಹೆಜ್ಜೆಗೂ ಸರಿಯುತ್ತದೆ. ನಡುವೆ ಸಿಕ್ಕ ಹೊರಚರ್ಮದ ಪದರಗಳು ಸಾವಿರಾರು ಸಲ ಎಳೆದಾಡಿ ಒಳಗೊಳಗೇ ಹರಿಯುತ್ತವೆ. ಆ ಸಂದಿಗೆ ದ್ರವ ತುಂಬಿಕೊಳ್ಳುತ್ತದೆ. ತೇವವಾದ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಅಂಟುವುದರಿಂದ ಬೆವರು, ಮಳೆನೀರು ಎರಡೂ ಈ ಎಳೆತವನ್ನು ಹೆಚ್ಚಿಸುತ್ತವೆ. ಉರಿ ಕಾಣಿಸಿಕೊಂಡಾಗ ಪದರ ಇನ್ನೂ ಪೂರ್ತಿ ಹರಿದಿರುವುದಿಲ್ಲ. ಆ ಹೊತ್ತಿನಲ್ಲಿ ನಿಂತರೆ ಬೊಬ್ಬೆಯೇ ಏಳದಿರಬಹುದು.

ಚರ್ಮ ಗಟ್ಟಿಯಾಗುವ ಮಾತು ನಮ್ಮ ಮನೆಯಲ್ಲೂ ಬಂದಿತ್ತು. ನನ್ನ ತಾಯಿ ಆಷಾಢದ ಶುಕ್ರವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತುವವರು. ಒಂದು ಬೊಬ್ಬೆಯನ್ನೂ ಕಂಡವರಲ್ಲ. "ನಿನ್ನ ಕಾಲು ಮೆತ್ತಗೆ, ಅದಕ್ಕೇ" ಎಂದರು. ಆದರೆ ಅವರ ಪಾದ ಐವತ್ತು ವರ್ಷ ಗದ್ದೆಯ ಬದುವಿನ ಮೇಲೆ, ಅಂಗಳದಲ್ಲಿ, ಬರಿಗಾಲಿನಲ್ಲಿ ಬೆಳೆದದ್ದು. ಅದಕ್ಕೆ ಒದ್ದೆ ಕಾಲ್ಚೀಲದ ಸೆರೆ ಇರಲಿಲ್ಲ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದದ್ದನ್ನು ಕೇಳಿರುತ್ತೀರಿ. ಅಲ್ಲಿ ಸಿಕ್ಕ ಶೂ ಅವರ ಕಾಲಿಗೆ ಹೊಂದಲಿಲ್ಲ, ಅಭ್ಯಾಸವಿದ್ದ ಬರಿಗಾಲನ್ನೇ ಆರಿಸಿಕೊಂಡರು. ನಾಲ್ಕು ವರ್ಷದ ಬಳಿಕ ಟೋಕಿಯೊದಲ್ಲಿ ಶೂ ಧರಿಸಿಯೇ ಮತ್ತೆ ಗೆದ್ದರು. ದೂರವನ್ನು ನಿಧಾನವಾಗಿ ಏರಿಸಿದರೆ ಚರ್ಮ ಹೊಂದಿಕೊಳ್ಳುತ್ತದೆ, ಅದು ನಿಜ. ಬೊಬ್ಬೆಯ ಮೇಲೆ ಬೊಬ್ಬೆ ಎಬ್ಬಿಸಿಕೊಂಡರೆ ಸಿಗುವುದು ಗಾಯ. ದಪ್ಪಗೆ ಜಡ್ಡುಗಟ್ಟಿದರೂ ಬೊಬ್ಬೆ ಆ ಜಡ್ಡಿನ ಕೆಳಗೇ ಏಳುತ್ತದೆ, ಅದು ಇನ್ನೂ ಕಷ್ಟ.

ಶೂ ವಿಷಯಕ್ಕೆ ಹೆಚ್ಚು ಮಾತು ಬೇಡ. ಬೆಲೆ ಮುಖ್ಯವಲ್ಲ, ಅಳತೆ ಮುಖ್ಯ. ಪಾದ ಸಂಜೆಗೆ ಊದಿರುತ್ತದೆ, ಆದ್ದರಿಂದ ಸಂಜೆ ಹೋಗಿ, ಓಡುವಾಗ ಹಾಕುವ ಕಾಲ್ಚೀಲವನ್ನೇ ಹಾಕಿಕೊಂಡು ನೋಡಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಇರಲಿ, ಹಿಮ್ಮಡಿ ಮಾತ್ರ ಮೇಲೇಳಬಾರದು. ಹಿಮ್ಮಡಿ ಜಾರುತ್ತಿದ್ದರೆ ಶೂ ಬದಲಿಸುವ ಮೊದಲು, ಎಲ್ಲರೂ ಖಾಲಿ ಬಿಡುವ ಆ ಕೊನೆಯ ರಂಧ್ರಕ್ಕೂ ಲೇಸ್ ಹಾಕಿ ಕಟ್ಟಿ ನೋಡಿ.

ಹಣ ಖರ್ಚು ಮಾಡಲೇಬೇಕೆಂದಿದ್ದರೆ ಕಾಲ್ಚೀಲಕ್ಕೆ ಮಾಡಿ. ಹತ್ತಿ ಬೆವರನ್ನು ಹೀರಿಕೊಂಡು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಹತ್ತಿಯೇ ದೇಹಕ್ಕೆ ಒಳ್ಳೆಯದು ಎಂದು ಬೆಳೆದವರು ನಾವು. ಅಂಗಿಗೆ ಇರಲಿ, ಓಡುವ ಪಾದಕ್ಕೆ ಬೇಡ. ಪಾಲಿಯೆಸ್ಟರ್, ನೈಲಾನ್ ಅಥವಾ ತೆಳು ಉಣ್ಣೆಯ, ಸುಕ್ಕು ಬೀಳದ ಕಾಲ್ಚೀಲ ತೆಗೆದುಕೊಳ್ಳಿ. ಬೆರಳುಗಳ ನಡುವೆ ಬೊಬ್ಬೆ ಏಳುವವರಿಗೆ ಐದು ಬೆರಳಿನ ಕಾಲ್ಚೀಲವೂ ಸಿಗುತ್ತದೆ.

ಇನ್ನು ಟೇಪ್. ಔಷಧಿ ಅಂಗಡಿಯಲ್ಲಿ ಗಾಯದ ಪಟ್ಟಿ ಅಂಟಿಸಲು ಕೊಡುವ ತೆಳು ಪೇಪರ್ ಟೇಪ್ ಇದೆಯಲ್ಲ, ಅದೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಸುಮಾರು 250 ಕಿಲೋಮೀಟರಿನ ಬಹುದಿನದ ಓಟಗಳಲ್ಲಿ 128 ಓಟಗಾರರ ಪಾದಕ್ಕೆ ಇದನ್ನು ಅಂಟಿಸಿ ನೋಡಿ, ಬೊಬ್ಬೆ ಸುಮಾರು 40 ಶೇಕಡಾ ಕಡಿಮೆಯಾದದ್ದನ್ನು 2016ರಲ್ಲಿ ಪ್ರಕಟಿಸಿದರು. ನಾನು ಈಗಲೂ ಪ್ರತಿ ಭಾನುವಾರ ಆ ಹಳೆಯ ಜಾಗಕ್ಕೆ ಒಂದೇ ಪದರ, ಸುಕ್ಕಿಲ್ಲದೆ, ಒಣ ಚರ್ಮದ ಮೇಲೆ ಅಂಟಿಸಿಯೇ ಹೊರಡುತ್ತೇನೆ. ವ್ಯಾಸಲೀನ್ ಮೊದಲು ಚೆನ್ನಾಗಿ ಜಾರಿಸುತ್ತದೆ, ಆದರೆ ದೀರ್ಘ ಓಟದಲ್ಲಿ ಅದು ಉಳಿಯುವುದಿಲ್ಲ, ಮತ್ತೆ ಹಚ್ಚಬೇಕು. ಪೌಡರ್ ನನಗಂತೂ ಬೆವರಿನಲ್ಲಿ ಕಲಸಿ ಮುದ್ದೆಯಾಯಿತು. ಬೆವರು ತಡೆಯುವ ದ್ರಾವಣವನ್ನು ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕೆಡೆಟ್‌ಗಳ ಮೇಲೆ ಪರೀಕ್ಷಿಸಿದ್ದಾರೆ. 21 ಕಿಲೋಮೀಟರ್ ನಡಿಗೆಯಲ್ಲಿ ಅದನ್ನು ಸರಿಯಾಗಿ ಹಚ್ಚಿಕೊಂಡವರಲ್ಲಿ 21 ಶೇಕಡಾ ಜನರಿಗೆ, ಹೋಲಿಕೆಗೆಂದು ಔಷಧವಿಲ್ಲದ ಹುಸಿ ದ್ರಾವಣ ಹಚ್ಚಿಕೊಂಡವರಲ್ಲಿ 48 ಶೇಕಡಾ ಜನರಿಗೆ ಬೊಬ್ಬೆ ಎದ್ದಿತು. ಆದರೆ ಹಚ್ಚಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮ ಕೆರಳಿತು. ಹಾಗಾಗಿ ಅದನ್ನು ಹಚ್ಚಿಕೊಳ್ಳಿ ಎಂದು ನಾನು ಹೇಳುವುದಿಲ್ಲ.

ಈಗ ಎದ್ದಿರುವ ಬೊಬ್ಬೆಗೆ: ಚಿಕ್ಕದಾಗಿದ್ದು ನೋಯದಿದ್ದರೆ ಮುಟ್ಟಬೇಡಿ. ದೊಡ್ಡದಾಗಿ ಕಾಲೂರಲಾಗದಷ್ಟು ನೋಯುತ್ತಿದ್ದರೆ, ಕೈಯನ್ನೂ ಆ ಜಾಗವನ್ನೂ ಸೋಪಿನಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಎರಡು ಮೂರು ಕಡೆ ಚುಚ್ಚಿ ನೀರು ಇಳಿಸಿ. ಮೇಲಿನ ಚರ್ಮವನ್ನು ಮಾತ್ರ ಕೀಳಬೇಡಿ, ಒಳಗಿನ ಹಸಿ ಗಾಯಕ್ಕೆ ಅದೇ ಹೊದಿಕೆ. ವ್ಯಾಸಲೀನ್ ಹಚ್ಚಿ ಪಟ್ಟಿ ಕಟ್ಟಿ. ಸಕ್ಕರೆ ಕಾಯಿಲೆ ಇದ್ದರೆ ಸೂಜಿಯ ಗೋಜಿಗೇ ಹೋಗದೆ ವೈದ್ಯರ ಬಳಿ ಹೋಗಿ. ಸುತ್ತ ಕೆಂಪು ಹರಡಿದರೆ, ಕೀವಾದರೆ, ಕೆಂಪು ಗೆರೆ ಮೇಲಕ್ಕೆ ಏರಿದರೆ, ಜ್ವರ ಬಂದರೆ ಒಂದು ದಿನವೂ ಕಾಯಬೇಡಿ. ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಅವರ ಹದಿನಾರು ವರ್ಷದ ಮಗ 1924ರಲ್ಲಿ ಕಾಲ್ಚೀಲವಿಲ್ಲದೆ ಟೆನಿಸ್ ಆಡಿ ಕಾಲ್ಬೆರಳಿಗೆ ಬೊಬ್ಬೆ ಎಬ್ಬಿಸಿಕೊಂಡ. ಅದು ನಂಜಾಗಿ ರಕ್ತಕ್ಕೆ ಸೇರಿ, ಒಂದು ವಾರದೊಳಗೆ ತೀರಿಕೊಂಡ. ಆಗ ಪೆನಿಸಿಲಿನ್ ಇರಲಿಲ್ಲ. ಈಗ ಔಷಧವಿದೆ, ಆದರೆ ಅದನ್ನು ಸಮಯಕ್ಕೆ ತೆಗೆದುಕೊಳ್ಳಬೇಕು.

ಬೊಬ್ಬೆ ನಿಖರವಾಗಿ ಎಲ್ಲಿ ಏಳುತ್ತಿದೆ ಎಂದು ನೀವು ಬರೆದಿಲ್ಲ. ಹಿಮ್ಮಡಿಯ ಹಿಂದೆಯೋ, ಬೆರಳ ತುದಿಯಲ್ಲೋ, ಬೆರಳುಗಳ ನಡುವೆಯೋ, ಅಂಗಾಲಿನ ಮುಂಭಾಗದಲ್ಲೋ? ಒಂದೇ ಕಾಲಿಗೋ ಎರಡಕ್ಕೂ ಏಳುತ್ತದೆಯೋ? ಎಷ್ಟನೆಯ ಕಿಲೋಮೀಟರಿನಲ್ಲಿ ಉರಿ ಶುರುವಾಗುತ್ತದೆ? ಬರೆಯಿರಿ, ಲೇಸನ್ನು ಹೇಗೆ ಕಟ್ಟಬೇಕು, ಟೇಪನ್ನು ಎಲ್ಲಿ ಅಂಟಿಸಬೇಕು ಎಂದು ಹೇಳುತ್ತೇನೆ. ಅಲ್ಲಿಯವರೆಗೆ, ಈ ಭಾನುವಾರ ಉರಿ ಕಾಣಿಸಿದ ಕ್ಷಣವೇ ರಸ್ತೆಯ ಪಕ್ಕ ಕುಳಿತು ಶೂ ಬಿಚ್ಚಿ. ಜೊತೆಗಾರರು ಮುಂದೆ ಹೋದರೆ ಹೋಗಲಿ.