ತೋಳಿನಲ್ಲಿ ಗಂಟು, ಬೆರಳಿಗೆ ಕರೆಂಟು: ನರದ ಗಡ್ಡೆಯ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನನಗೆ 46 ವರ್ಷ. ಎಡತೋಳಿನ ಒಳಮೈಯಲ್ಲಿ, ಮೊಣಕೈಗಿಂತ ನಾಲ್ಕು ಬೆರಳು ಮೇಲೆ, ಅಡಿಕೆ ಗಾತ್ರದ ಗಂಟಿದೆ. ಎರಡು ವರ್ಷವಾಯಿತು. ಸುಮ್ಮನಿದ್ದರೆ ನೋವಿಲ್ಲ. ಅಡಿಕೆ ಸುಲಿಯುವಾಗ ಅದಕ್ಕೆ ಏನಾದರೂ ತಗುಲಿದರೆ ಹೆಬ್ಬೆರಳು, ತೋರುಬೆರಳಿಗೆ ಕರೆಂಟು ಹೊಡೆದ ಹಾಗಾಗುತ್ತದೆ. ‘ಕೊಬ್ಬಿನ ಗಡ್ಡೆ, ಅಲ್ಲಿಗಷ್ಟೇ ಇಂಜೆಕ್ಷನ್ ಕೊಟ್ಟು ಹದಿನೈದು ನಿಮಿಷದಲ್ಲಿ ತೆಗೆಯಬಹುದು’ ಎಂದಿದ್ದಾರೆ. ತೆಗೆಸಲೇ?
— ಶಿರಸಿ ಸಮೀಪದ ಓದುಗರು

ಉತ್ತರ: ಸದ್ಯಕ್ಕೆ ಬೇಡ. ಕೊಬ್ಬಿನ ಗಡ್ಡೆಗೆ ತಗುಲಿದರೆ ಸಾಮಾನ್ಯವಾಗಿ ಬೆರಳು ಜುಮ್ಮೆನ್ನುವುದಿಲ್ಲ. ಮೊಣಕೈ ಬಾಗಿಲಿಗೆ ಬಡಿದಾಗ ಕಿರುಬೆರಳಿಗೆ ಹೊಡೆಯುತ್ತದಲ್ಲ, ಅದು ಅಲ್ನಾರ್ ನರದ್ದು. ನಿಮ್ಮ ಹೆಬ್ಬೆರಳು, ತೋರುಬೆರಳಿಗೆ ಹೋಗುವುದು ಮೀಡಿಯನ್ ನರ. ತೋಳಿನ ಒಳಮೈಯಲ್ಲಿ ಅದು ದೊಡ್ಡ ರಕ್ತನಾಳದ ಮಗ್ಗುಲಲ್ಲೇ ಸಾಗುತ್ತದೆ. ನೀವು ಹೇಳಿದ ಲಕ್ಷಣಗಳು ಆ ನರದ ಗಡ್ಡೆಯನ್ನೇ ಸೂಚಿಸುತ್ತವೆ.

ಡಾಕ್ಟರು ಕೈಯಲ್ಲೇ ಎರಡು ಸಂಗತಿ ನೋಡುತ್ತಾರೆ. ಗಂಟಿನ ಮೇಲೆ ಬೆರಳಿನಿಂದ ತಟ್ಟಿದಾಗ ಜುಮ್ಮು ಎಲ್ಲಿಗೆ ಹರಿಯುತ್ತದೆ ಎಂಬುದು ಒಂದು. ಗಂಟು ಯಾವ ಕಡೆಗೆ ಸರಿಯುತ್ತದೆ ಎಂಬುದು ಇನ್ನೊಂದು. ಬಿಗಿದು ಕಟ್ಟಿದ ಬಲೆಯ ಹಗ್ಗದಲ್ಲಿರುವ ಗಂಟನ್ನು ಅಕ್ಕಪಕ್ಕಕ್ಕೆ ಅಲ್ಲಾಡಿಸಬಹುದು, ಹಗ್ಗದುದ್ದಕ್ಕೆ ಜಾರಿಸಲಾಗದು. ನರದ ಗಡ್ಡೆಯೂ ಹಾಗೆಯೇ. ಮನೆಯಲ್ಲಿ ಮತ್ತೆ ಮತ್ತೆ ತಟ್ಟಿ ನೋಡಲು, ತೈಲ ತಿಕ್ಕಲು ಹೋಗಬೇಡಿ. ನರ ಕೆರಳುತ್ತದೆ, ಗಡ್ಡೆ ಕರಗುವುದಿಲ್ಲ.

ಮುಂದಿನ ಹೆಜ್ಜೆ ಅಲ್ಟ್ರಾಸೌಂಡ್. ಗಂಟಿನ ಎರಡೂ ತುದಿಗೆ ನರ ಸೇರಿಕೊಂಡಿದ್ದರೆ ಅದರಲ್ಲೇ ಕಾಣುತ್ತದೆ. ಆಮೇಲೆ ಕಾಂಟ್ರಾಸ್ಟ್ (ಗಡ್ಡೆ ಸ್ಪಷ್ಟವಾಗಿ ಕಾಣಲು ರಕ್ತನಾಳಕ್ಕೆ ಕೊಡುವ ಔಷಧ) ಕೊಟ್ಟು ಎಂಆರ್‌ಐ. ಗಂಟಿನ ಚರ್ಮದ ಮೇಲೆ ವಿಟಮಿನ್ ಇ ಕ್ಯಾಪ್ಸೂಲ್ ಅಂಟಿಸಿ ಗುರುತು ಮಾಡಲು ಕೇಳಿ. ಗಂಟು ಒಂದು ಕಡೆ, ಸ್ಕ್ಯಾನ್ ಇನ್ನೊಂದು ಕಡೆ ಆಗುವುದು ಇದರಿಂದ ತಪ್ಪುತ್ತದೆ. ಪೇಸ್‌ಮೇಕರ್, ಹಳೆಯ ಲೋಹದ ಕ್ಲಿಪ್ ಇದ್ದರೆ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ.

ಇಂಥ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ವೇಗವಾಗಿ ಬೆಳೆಯುವುದು, 5 ಸೆಂಟಿಮೀಟರ್ ದಾಟುವುದು, ನಿದ್ದೆಗೆಡಿಸುವ ನೋವು, ಹೊಸದಾಗಿ ಕೈ ಸೋಲುವುದು ಕಂಡರೆ ಮಾತ್ರ ತಡ ಮಾಡುವಂತಿಲ್ಲ. ಸೂಜಿ ಚುಚ್ಚಿ ತುಣುಕು ತೆಗೆಯುವ ಬಯಾಪ್ಸಿ ಸಾಮಾನ್ಯವಾಗಿ ಇಂಥ ಅನುಮಾನವಿದ್ದಾಗಲಷ್ಟೇ ಬೇಕು. ಅದನ್ನೂ ಮುಂದೆ ಶಸ್ತ್ರಚಿಕಿತ್ಸೆ ಮಾಡುವ ತಂಡವೇ ಮಾಡಲಿ. ಸೂಜಿ ನರಕ್ಕೆ ನಾಟಿದರೆ ನೋವು ಉಳಿದುಬಿಡಬಹುದು.

ಪ್ರಶ್ನೆ: ಎಂಆರ್‌ಐಯಲ್ಲಿ ‘ಶ್ವಾನೋಮಾ’ ಎಂದು ಬಂದಿದೆ. ನರ ಕತ್ತರಿಸದೆ ಗಡ್ಡೆ ತೆಗೆಯಲು ಸಾಧ್ಯವೇ? ಎಲ್ಲಿ ಮಾಡಿಸಬೇಕು?
— ಕುಮಟಾದ ಓದುಗರು

ಉತ್ತರ: ಬಹುಪಾಲು ಸಾಧ್ಯ. ಶ್ವಾನೋಮಾ ಎಂದರೆ ನರದ ಹೊದಿಕೆಯ ಗಡ್ಡೆ. ಅದು ನರದ ಎಳೆಗಳನ್ನು ಪಕ್ಕಕ್ಕೆ ದೂಡಿಕೊಂಡು ಬೆಳೆಯುತ್ತದೆ; ಹಲಸಿನ ತೊಳೆ ಸೀಳಿ ಬೀಜ ಜಾರಿಸಿದ ಹಾಗೆ ಅದನ್ನು ಹೊರತೆಗೆಯಬಹುದು. ನರದ ಇನ್ನೊಂದು ಬಗೆಯ ಗಡ್ಡೆ ನ್ಯೂರೋಫೈಬ್ರೋಮಾ ಹಾಗಲ್ಲ. ಅದರಲ್ಲಿ ಎಳೆಗಳು ಗಡ್ಡೆಯೊಳಗೇ ಹೆಣೆದುಕೊಂಡಿರುತ್ತವೆ, ಬಿಡಿಸುವುದು ಕಷ್ಟ. ಎಂಆರ್‌ಐ ಇವೆರಡನ್ನು ಯಾವಾಗಲೂ ಬೇರೆ ಮಾಡಿ ಹೇಳಲಾರದು, ಆದ್ದರಿಂದ ಎರಡಕ್ಕೂ ಸಿದ್ಧರಿರುವವರೇ ಬೇಕು.

ಗಡ್ಡೆಯ ಮೇಲೂ ಕೆಳಗೂ ಸಹಜವಾದ ನರ ಕಾಣುವವರೆಗೆ ಉದ್ದಕ್ಕೆ ಗಾಯ ಮಾಡುತ್ತಾರೆ. ಮೈಕ್ರೋಸ್ಕೋಪ್ ಇಲ್ಲವೇ ಹಿಗ್ಗಿಸಿ ತೋರಿಸುವ ಲೂಪ್ ಕನ್ನಡಕದಲ್ಲಿ ನೋಡುತ್ತ, ಸಣ್ಣ ವಿದ್ಯುತ್ ಕಡ್ಡಿಯಿಂದ ಗಡ್ಡೆಯ ಹೊದಿಕೆಯನ್ನು ಮುಟ್ಟಿ, ಎಲ್ಲಿ ಮುಟ್ಟಿದರೆ ಕೈ ಅದುರುವುದಿಲ್ಲವೋ ಅಲ್ಲಿ ನರದುದ್ದಕ್ಕೇ ಸೀಳುತ್ತಾರೆ. ಅಡ್ಡ ಸೀಳಿದರೆ ಎಳೆಗಳು ತುಂಡಾಗುತ್ತವೆ. ಗಡ್ಡೆ ಹುಟ್ಟಿದ, ಕೆಲಸ ಮಾಡದ ಒಂದು ಸಣ್ಣ ಎಳೆಯನ್ನು ಮಾತ್ರ ಗಡ್ಡೆಯ ಜೊತೆ ಕತ್ತರಿಸುತ್ತಾರೆ.

ಇಲ್ಲಿ ಎಡವುವುದು ಅರಿವಳಿಕೆಯಲ್ಲಿ. ತೋಳಿಗೆ ಬ್ಲಾಕ್ (ಇಡೀ ತೋಳಿನ ನರಗಳನ್ನು ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟರೆ, ಇಲ್ಲವೇ ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಇನ್ನೂ ಉಳಿದಿದ್ದರೆ, ವಿದ್ಯುತ್ ಕಡ್ಡಿ ಮುಟ್ಟಿದರೂ ಕೈ ಅಲುಗದೆ ಇರಬಹುದು. ರಕ್ತ ತಡೆಯಲು ತೋಳಿಗೆ ಬಿಗಿದ ಪಟ್ಟಿ (ಟೂರ್ನಿಕೆಟ್) ಸುಮಾರು ಅರ್ಧ ಗಂಟೆ ದಾಟಿದರೂ ಅದೇ ಗತಿ. ‘ಅದುರಲಿಲ್ಲ’ ಎಂದು ನಂಬಿ ಕತ್ತರಿಸಿದ್ದು ಜೀವಂತ ನರವೇ ಆಗಿರಬಹುದು. ಅದಕ್ಕೇ ಡಾಕ್ಟರಿಗೆ ನೇರವಾಗಿ ಕೇಳಿ: ಮೈಕ್ರೋಸ್ಕೋಪ್ ಇದೆಯೇ, ನರ ಪರೀಕ್ಷಿಸುವ ಸ್ಟಿಮ್ಯುಲೇಟರ್ ಇದೆಯೇ, ಎಳೆ ತುಂಡಾದರೆ ಅಲ್ಲೇ ಜೋಡಿಸುತ್ತೀರಾ? ಮುಖ ಕೆಂಪಾಗುವವರ ಹತ್ತಿರ ಮಾಡಿಸಿಕೊಳ್ಳಬೇಡಿ.

ಕೈ ಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿ, ಎಲುಬು ಅಥವಾ ನರ ಶಸ್ತ್ರಚಿಕಿತ್ಸೆ, ಯಾವ ವಿಭಾಗವಾದರೂ ಸರಿ, ನರದ ಕೆಲಸದ ಅಭ್ಯಾಸ ಇರಬೇಕು. ಮೊದಲ ತಪಾಸಣೆಗೆ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಮುಂದಕ್ಕೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಕಡೆ ವಿಚಾರಿಸಿ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಹೋಗುವವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಳ್ಳಿ. ಎಂಆರ್‌ಐ ವರದಿಯ ಹಾಳೆ ಸಾಲದು, ಸಿಡಿಯೂ ಕೈಲಿರಲಿ.

ಗಡ್ಡೆ ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ಆರು ತಿಂಗಳಿಗೊಮ್ಮೆ ನೋಡಿಸುತ್ತ ಕಾಯುವುದೂ ತಪ್ಪಲ್ಲ.

ಪ್ರಶ್ನೆ: ಗಡ್ಡೆ ತೆಗೆಸಿ ಆರು ವಾರ. ಮೂರು ಬೆರಳು ಇನ್ನೂ ಮರಗಟ್ಟಿವೆ. ಮೀನು ಕೊಯ್ಯುವಾಗ ಗಾಯವಾದದ್ದೂ ತಿಳಿಯಲಿಲ್ಲ.
— ಕಾರವಾರದ ಓದುಗರು

ಉತ್ತರ: ಶಸ್ತ್ರಚಿಕಿತ್ಸೆಯಲ್ಲಿ ನರದ ಎಳೆಗಳನ್ನು ಎಳೆದಾಡಿದ್ದರಿಂದ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಮರಗಟ್ಟಿರುವುದುಂಟು. ನೋಡಬೇಕಾದ್ದು ಶಕ್ತಿ. ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ಮುಟ್ಟಿಸಲು ಆಗುತ್ತಿದೆಯೇ? ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಆಗುತ್ತಿಲ್ಲವಾದರೆ ಆಪರೇಷನ್ ಟಿಪ್ಪಣಿ ಮತ್ತು ಪೆಥಾಲಜಿ (ತೆಗೆದ ಗಡ್ಡೆಯ ಪರೀಕ್ಷೆ) ವರದಿ ಕೇಳಿ ಪಡೆಯಿರಿ. ನರ ತುಂಡಾಗಿದೆ ಎಂದು ಗೊತ್ತಾದರೆ ಕಾಯುವಂತಿಲ್ಲ. ಗೊತ್ತಿಲ್ಲದಿದ್ದರೆ ಈಗಲೇ ಇಎಂಜಿ (ನರ, ಸ್ನಾಯುಗಳ ವಿದ್ಯುತ್ ಪರೀಕ್ಷೆ) ಮಾಡಿಸಿ. ಮೂರು ವಾರಕ್ಕೆ ಮುಂಚೆ ಮಾಡಿದರೆ ಅದು ಪೂರ್ತಿ ಹೇಳುವುದಿಲ್ಲ, ನಿಮಗೆ ಆ ಹೊತ್ತು ಕಳೆದಿದೆ. ಮೂರು ತಿಂಗಳಾದರೂ ಚೇತರಿಕೆಯ ಗುರುತೇ ಇಲ್ಲವೆಂದರೆ ನರ ಬಿಚ್ಚಿ ನೋಡುವ ಮಾತು ಬರುತ್ತದೆ.

ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಚಿಗುರುತ್ತದೆ. ಮೊಣಕೈಯಿಂದ ಬೆರಳ ತುದಿಗೆ 45 ಸೆಂಟಿಮೀಟರ್ ಎಂದರೆ ಲೆಕ್ಕ ಒಂದೂಕಾಲು ವರ್ಷ. ನರ ಮುಟ್ಟದ ಸ್ನಾಯು ಒಂದರಿಂದ ಒಂದೂವರೆ ವರ್ಷದ ಮೇಲೆ ಕೆಲಸಕ್ಕೆ ಬಾರದು. ಮೂರು ತಿಂಗಳ ಗಡುವು ಇರುವುದು ಅದಕ್ಕೇ. ಸ್ಪರ್ಶ ಮರಳುವವರೆಗೆ ಮೀನು ಕೊಯ್ಯುವುದು ಬೇಡ, ಬಿಸಿ ಪಾತ್ರೆಗೆ ಆ ಕೈ ಬೇಡ. ರಾತ್ರಿ ಮಲಗುವ ಮುಂಚೆ ಬೆರಳುಗಳನ್ನು ಕಣ್ಣಿನಿಂದಲೇ ಪರೀಕ್ಷಿಸಿ.

ಪ್ರಶ್ನೆ: ಮೊಣಕೈ ಹಿಂದೆ ನರ ಹಗ್ಗದಂತೆ ದಪ್ಪಗಾಗಿದೆ. ಕಿರುಬೆರಳು ಮರಗಟ್ಟಿದೆ, ಮುಂಗೈ ಮೇಲೊಂದು ಬಿಳಿಚಿದ ಕಲೆ. ಇದೂ ಗಡ್ಡೆಯೇ?
— ಅಂಕೋಲಾದ ಓದುಗರು

ಉತ್ತರ: ಗಡ್ಡೆ ಎನ್ನುವ ಮೊದಲು ಕುಷ್ಠರೋಗ ಅಲ್ಲವೆಂದು ಖಚಿತವಾಗಬೇಕು. ಗಡ್ಡೆ ಒಂದು ಕಡೆ ಉಬ್ಬಿರುತ್ತದೆ. ಕುಷ್ಠದಲ್ಲಿ ನರವೇ ಉದ್ದಕ್ಕೂ ದಪ್ಪಗಾಗುತ್ತದೆ. ಕಲೆಯ ಮೇಲೆ ಹತ್ತಿಯ ಎಳೆ ತಾಗಿಸಿದರೆ ತಿಳಿಯುತ್ತದೆಯೇ ನೋಡಿ; ತಿಳಿಯದಿದ್ದರೆ ಕುಷ್ಠದ ಅನುಮಾನ ಹೆಚ್ಚು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕುಷ್ಠಕ್ಕೆ ಬಹುಔಷಧ ಚಿಕಿತ್ಸೆ ಉಚಿತ. ರೋಗದ ಬಗೆ ನೋಡಿ 6 ಅಥವಾ 12 ತಿಂಗಳು. ನರ ಉರಿಯೂತಗೊಂಡಿದ್ದರೆ ಸ್ಟೀರಾಯ್ಡ್ ಕೂಡ ಬೇಕಾಗುತ್ತದೆ. ಮರಗಟ್ಟುವಿಕೆ ಶುರುವಾಗಿ ಆರು ತಿಂಗಳು ದಾಟಿದರೆ ನರ ಮರಳಿ ಸರಿಹೋಗುವ ಸಾಧ್ಯತೆ ಇಳಿಯುತ್ತದೆ, ಆದ್ದರಿಂದ ಈ ವಾರವೇ ಹೋಗಿ.