ತಿಂಗಳಿಗೊಮ್ಮೆ ಜ್ವರ, ಎರಡೇ ದಿನಕ್ಕೆ ಮಾಯ

ಪ್ರಶ್ನೆ: ಮಗನಿಗೆ 7 ವರ್ಷ. ಒಂದೂವರೆ ವರ್ಷದಿಂದ ಮೂರ್ನಾಲ್ಕು ವಾರಕ್ಕೊಮ್ಮೆ ಜ್ವರ, ನೆಟ್ಟಗೆ ನಿಲ್ಲಲಾಗದಷ್ಟು ಹೊಟ್ಟೆನೋವು. ಪ್ರತಿ ಸಲವೂ ಆಂಟಿಬಯಾಟಿಕ್ ಕೊಡಿಸುತ್ತೇವೆ, ಎರಡು ದಿನಕ್ಕೆ ಇಳಿಯುತ್ತದೆ. ಈಗ ಅಪೆಂಡಿಕ್ಸ್ ಆಪರೇಷನ್ ಮಾತು ಬಂದಿದೆ. ನಮ್ಮದು ಸೋದರ ಸಂಬಂಧದ ಮದುವೆ. ಇದು ವಂಶದ ಕಾಯಿಲೆಯೇ?
– ಗೃಹಿಣಿ, ಹಾವೇರಿ

ಉತ್ತರ: ಇರಬಹುದು. ಒಂದರಿಂದ ಮೂರು ದಿನದ ಜ್ವರ, ಹೊಟ್ಟೆಯ ಒಳಪೊರೆ ಊದಿ ಬರುವ ನೋವು, ನಡುವಿನ ದಿನಗಳಲ್ಲಿ ಮಗು ಗಟ್ಟಿಮುಟ್ಟು – ಇದು ಫೆಮಿಲಿಯಲ್ ಮೆಡಿಟರೇನಿಯನ್ ಜ್ವರದ ಚಹರೆ. ಟರ್ಕಿ, ಅರ್ಮೇನಿಯಾ ಮೂಲದವರು, ಅರಬರು, ಯಹೂದಿಗಳಲ್ಲಿ ಹೆಚ್ಚು, ನಮ್ಮಲ್ಲಿ ಅಪರೂಪ. ಇದರ ಎಂಇಎಫ್‌ವಿ ಜೀನ್ ಪತ್ತೆಯಾದದ್ದು 1997ರಲ್ಲಿ. ಬಿಳಿ ರಕ್ತಕಣದ ಪೈರಿನ್ ಪ್ರೋಟೀನ್ ರೋಗಾಣು ಬಂದಾಗ ಕೆರಳಬೇಕು. ಇಲ್ಲಿ ಸಣ್ಣ ನೆಪಕ್ಕೇ ಕೆರಳಿ, ಜ್ವರ-ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್-1 ಸುರಿಸುತ್ತದೆ. ಕೊಲ್ಲಲು ರೋಗಾಣುವೇ ಇಲ್ಲದಾಗ ಆಂಟಿಬಯಾಟಿಕ್ ಏನು ಮಾಡೀತು? ತಾನಾಗಿ ಇಳಿಯುವ ಜ್ವರದ ಕೀರ್ತಿ ಅದಕ್ಕೆ ಸಿಗುತ್ತಿದೆ, ಅಷ್ಟೆ.

ಒಂದು ನೋಟ್‌ಬುಕ್ ಇಡಿ. ಜ್ವರ ಶುರುವಾದ ತಾರೀಖು, ಗಂಟೆ, ಥರ್ಮಾಮೀಟರಿನ ಗರಿಷ್ಠ ಅಂಕಿ, ಬಿಟ್ಟ ಗಂಟೆ, ನೋವಿನ ಜಾಗ ಬರೆಯಿರಿ. ಕಣಕಾಲಿನ ಮೇಲೆ ಕೆಂಪು ಬಾವು ಎದ್ದರೆ ಫೋಟೊ ತೆಗೆಯಿರಿ. ರಕ್ತದಲ್ಲಿ ಉರಿಯೂತ ಅಳೆಯುವ ಸಿಆರ್‌ಪಿ ಪರೀಕ್ಷೆ ಎರಡು ಸಲ ಆಗಲೇಬೇಕು: ಜ್ವರ ಉರಿಯುತ್ತಿರುವಾಗ ಒಮ್ಮೆ, ಬಿಟ್ಟು ಎರಡು ವಾರದ ನಂತರ ಒಮ್ಮೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಚೇತರಿಸಿಕೊಂಡ ಮೇಲೆ ಮಾತ್ರ ರಕ್ತ ಕೊಟ್ಟರೆ ಎಲ್ಲ ‘ನಾರ್ಮಲ್’ ಎಂದೇ ಬರಬಹುದು. ಮೂಗು ಸೋರಿ, ಕೆಮ್ಮಿ, ಮನೆಮಂದಿಗೂ ಅಂಟಿದರೆ ಅದು ಮಾಮೂಲಿ ವೈರಸ್. ಗಂಟಲುನೋವು, ಬಾಯಿಹುಣ್ಣು, ಕುತ್ತಿಗೆಯ ಗಂಟುಗಳ ಜೊತೆ ನಾಲ್ಕೈದು ದಿನ ಕಾಯುವ ಜ್ವರವಾದರೆ ಪಿಎಫ್‌ಎಪಿಎ ಎಂಬ ಬೇರೆಯದೇ ತೊಂದರೆ.

ಆಪರೇಷನ್‌ಗೆ ಅವಸರ ಬೇಡ. ಹಾಗೆಂದು ಉಡಾಫೆಯೂ ಬೇಡ: ನೋವು ಹೊಟ್ಟೆಯ ಬಲಭಾಗದ ಕೆಳಗೆ ಬಂದು ನಿಂತರೆ, ಹಿಂದಿನ ಸಲಗಳಿಗಿಂತ ಬೇರೆ ಥರ ಇದ್ದರೆ ಅದೇ ದಿನ ತೋರಿಸಿ. ಈ ಮಕ್ಕಳಿಗೂ ಅಪೆಂಡಿಕ್ಸ್ ಇರುತ್ತದೆ. ಮುಂದೆ ಮಕ್ಕಳ ರ‍್ಯುಮಟಾಲಜಿ (ಕೀಲು, ಉರಿಯೂತದ ಕಾಯಿಲೆಗಳ) ತಜ್ಞರನ್ನು ಕಾಣಿ.

ಪ್ರಶ್ನೆ: ಜೀನ್ ವರದಿಯಲ್ಲಿ ‘ಇ148ಕ್ಯೂ, ಒಂದು ಪ್ರತಿ’ ಎಂದಿದೆ. ರೋಗ ಖಚಿತವೇ?
– ಓದುಗರು, ಬೆಂಗಳೂರು

ಉತ್ತರ: ಇಲ್ಲ. ಆರೋಗ್ಯವಂತ ಭಾರತೀಯರಲ್ಲೂ ಎಂಇಎಫ್‌ವಿ ಜೀನಿನ ಈ ಬದಲಾವಣೆ ಧಾರಾಳವಾಗಿ ಸಿಗುತ್ತದೆ. ಅದೊಂದನ್ನೇ ಹಿಡಿದು ಮಾತ್ರೆ ಶುರು ಮಾಡುವುದು ಸರಿಯಲ್ಲ. ರೋಗಕ್ಕೆ ಸಾಮಾನ್ಯವಾಗಿ ತಂದೆ-ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬರಬೇಕು. ಸೋದರ ಸಂಬಂಧದಲ್ಲಿ ಆ ಸಾಧ್ಯತೆ ಹೆಚ್ಚು. ತೀರ್ಪು ಕೊಡಬೇಕಾದ್ದು ಲಕ್ಷಣಗಳು, ವರದಿಯಲ್ಲ.

ಪ್ರಶ್ನೆ: ಮಗಳು ಇದೇ ಕಾಯಿಲೆಗೆ ಕಾಲ್ಚಿಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಜ್ವರವಿಲ್ಲ, ಭೇದಿ ಇದೆ. ನಿಲ್ಲಿಸಲೇ?
– ತಂದೆ, ಮಂಗಳೂರು

ಉತ್ತರ: ನೀವಾಗಿ ನಿಲ್ಲಿಸಬೇಡಿ. ಒಳಗೆ ಉರಿಯೂತ ನಡೆದೇ ಇದ್ದರೆ ಅಮೈಲಾಯ್ಡ್ ಎಂಬ ಪ್ರೋಟೀನ್ ಕಿಡ್ನಿಯಲ್ಲಿ ಕೂರುತ್ತದೆ. ಅದನ್ನು ತಡೆಯುವುದೇ ಈ ಮಾತ್ರೆ. ಸಾಮಾನ್ಯ ಪ್ರಮಾಣ ದಿನಕ್ಕೆ, 5 ವರ್ಷದೊಳಗೆ 0.5 ಮಿ.ಗ್ರಾಂ ತನಕ, 5ರಿಂದ 10ಕ್ಕೆ 0.5–1, ನಂತರ 1–1.5. ಭೇದಿ ಇದ್ದರೆ ಎರಡು ಹೊತ್ತಿಗೆ ಹಂಚಬಹುದೇ, ಹಾಲು ಕೆಲ ದಿನ ಬಿಡಬೇಕೇ ಎಂದು ವೈದ್ಯರನ್ನು ಕೇಳಿ. ಆರು ತಿಂಗಳಿಗೊಮ್ಮೆ ಮೂತ್ರದಲ್ಲಿ ಪ್ರೋಟೀನ್ ನೋಡಿಸಿ. ನೆಗಡಿ-ಕೆಮ್ಮಿಗೆ ಯಾರಾದರೂ ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಬರೆದರೆ ಕಾಲ್ಚಿಸಿನ್ ಹೆಸರು ಹೇಳಿ: ಎರಡೂ ಸೇರಿದರೆ ವಿಷಮಟ್ಟ ತಲುಪೀತು. ಅಂದಹಾಗೆ, ಬೇಲಿಯ ಗೌರಿ ಹೂವಿನ ಗೆಡ್ಡೆಯಲ್ಲಿರುವುದೂ ಕಾಲ್ಚಿಸಿನ್ನೇ. ‘ನಾಟಿ ಔಷಧ’ ಎಂದು ಅದನ್ನು ಅರೆದು ಕುಡಿಸಿದರೆ ಜೀವಕ್ಕೇ ಕುತ್ತು.